ಉಪ್ಪು ಹಾಕಿದ ಪ್ಲಾಸ್ಟಿಕ್ ಹುಳು

ಮಳೆ ನಿಂತ ಮೇಲೆ ಅಂಗಳದಲ್ಲಿ ಎರೆಹುಳುಗಳು ಮೈ ಎಳೆದುಕೊಂಡು ಹೋಗುತ್ತಿರುತ್ತವೆ, ನೋಡಿದ್ದೀರಲ್ಲ? ನಾವು ಚಿಕ್ಕವರಿದ್ದಾಗ ಅವನ್ನು ಒಂದಿಷ್ಟು ಹಸಿ ಮಣ್ಣಿನ ಜೊತೆ ತೆಂಗಿನ ಕರಟಕ್ಕೆ ತುಂಬಿಕೊಂಡು ಕೆರೆ ಏರಿಗೆ ಓಡುತ್ತಿದ್ದೆವು. ಒಂದು ಬಿದಿರು ಕೋಲು, ಎರಡು ಮಾರು ದಾರ, ತುದಿಗೆ ಗಾಳ. ಗಾಳಕ್ಕೆ ಸಿಕ್ಕಿಸುವ ತಿನಿಸಿಗೆ ಎರೆ ಎಂದು ಹೆಸರು. ಹುಳು ಸಿಗದ ದಿನ ಅಜ್ಜಿಯ ಕಣ್ಣು ತಪ್ಪಿಸಿ ತಂದ ಮುದ್ದೆಯ ಚೂರೇ ನಮ್ಮ ಎರೆ. ಇದನ್ನು ಕೇಳಿ ನಗಬೇಡಿ. ಕಾವೇರಿಯಲ್ಲಿ ಆಳೆತ್ತರದ ಮಹಶೀರ್ ಹಿಡಿಯಲು ಬರುತ್ತಿದ್ದ ಪರದೇಶದವರೂ ರಾಗಿ ಹಿಟ್ಟಿನ ಉಂಡೆಯನ್ನೇ ಗಾಳಕ್ಕೆ ಮೆತ್ತುತ್ತಿದ್ದರು.

ಇವತ್ತು ನಾನು ಹೇಳಹೊರಟಿದ್ದು ತಿನ್ನಲಿಕ್ಕೇ ಬಾರದ ಎರೆಯ ವಿಷಯ. ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವವರ ಪೆಟ್ಟಿಗೆ ತೆರೆದರೆ ಜಾತ್ರೆಯ ಮಿಠಾಯಿ ಅಂಗಡಿಯ ಹಾಗೆ ಕಾಣುತ್ತದೆ. ನೇರಳೆ ಬಣ್ಣದ ಹುಳು, ಕುಂಬಳಕಾಯಿ ಬಣ್ಣದ ಕಪ್ಪೆ, ಮಿಣಮಿಣ ಪುಡಿ ಬೆರೆಸಿದ ಪುಟ್ಟ ಮೀನು. ಒತ್ತಿದರೆ ಮೆತ್ತಗೆ, ಬಿಟ್ಟರೆ ಮತ್ತೆ ನೆಟ್ಟಗೆ. ಎಲ್ಲವೂ ಪ್ಲಾಸ್ಟಿಕ್. ಅಲ್ಲಿಯವರು ಇಂಥ ಸುಳ್ಳು ತಿನಿಸನ್ನು ಲೂರ್ ಎನ್ನುತ್ತಾರೆ. ನಾವು ಹುಸಿ ಎರೆ ಎನ್ನೋಣ, ಆಗಬಹುದಾ?

ಸುತ್ತ ನಿಜವಾದ ಕಪ್ಪೆಗಳು ಕುಪ್ಪಳಿಸುತ್ತಿರುವಾಗ ಮೀನು ಯಾಕೆ ಪ್ಲಾಸ್ಟಿಕ್ಕಿಗೆ ಬಾಯಿ ಹಾಕಬೇಕು? ಇದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ. ಸ್ವಲ್ಪ ಹೊತ್ತು ಆ ಮೀನಿನ ಪಕ್ಕದಲ್ಲೇ ಹೋಗಿ ಕೂರಬೇಕು. ಬನ್ನಿ, ಉಸಿರು ಬಿಗಿಹಿಡಿಯಿರಿ.

ಉತ್ತರ ಅಮೆರಿಕದ ಒಂದು ಕೊಳ. ಜೊಂಡು, ನೀರಮೇಲಿನ ಎಲೆಗಳು, ಮುಳುಗಿದ ಒಂದು ಮರದ ದಿಮ್ಮಿ. ದಿಮ್ಮಿಯ ನೆರಳಲ್ಲಿ ಪಾಚಿ ಹಸಿರಿನ ಒಂದು ಮೀನು ಅಲುಗಾಡದೆ ನಿಂತಿದೆ. ಮೈಯ ಪಕ್ಕದಲ್ಲಿ ಕಾಡಿಗೆ ಎಳೆದಂಥ ಕಪ್ಪು ಪಟ್ಟೆ. ಬಾಯಂತೂ ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿದೆ. ಅದಕ್ಕೇ ಇದು ದೊಡ್ಡಬಾಯಿ ಬಾಸ್. ಇದು ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದು ಕಡಿಮೆ. ಅಕ್ಕಿ ಮೂಟೆಯ ಸಂದಿಯಲ್ಲಿ ಇಲಿಗಾಗಿ ಕಾಯುವ ಬೆಕ್ಕಿನ ಹಾಗೆ ಕಾಯುತ್ತದೆ.

ಬೆಕ್ಕಿಗಾದರೆ ಪಂಜ ಇದೆ. ಬಾಸ್‌ಗೆ ಕೈಯೂ ಇಲ್ಲ, ಪಂಜವೂ ಇಲ್ಲ. ಅದಕ್ಕೆ ಬಾಯೇ ಕೈ. ಹೋಳಿಯ ಪಿಚಕಾರಿಯನ್ನು ಬಕೆಟ್ಟಿಗೆ ಅದ್ದಿ ಹಿಡಿಯನ್ನು ಸರಕ್ಕನೆ ಹಿಂದಕ್ಕೆ ಎಳೆದರೆ ನೀರು ತಾನಾಗಿ ಒಳಗೆ ನುಗ್ಗುತ್ತದಲ್ಲ, ಬಾಸ್ ಮಾಡುವುದೂ ಅದನ್ನೇ. ಬಾಯಿಯ ಗುಹೆಯನ್ನು ಒಮ್ಮೆಲೇ ಅಗಲ ಮಾಡುತ್ತದೆ. ನೀರು ಒಳಗೆ ನುಗ್ಗುತ್ತದೆ, ನೀರಿನ ಜೊತೆ ಮರಿಮೀನೂ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಒಳಗೆ ಬಂದದ್ದು ಕಡ್ಡಿಯೋ ಕಲ್ಲೋ ಆಗಿದ್ದರೆ ಅಷ್ಟೇ ಬೇಗ ಉಗುಳುತ್ತದೆ. ಹಾಸಿಗೆಯ ಮೇಲಿನ ಪಾಪು ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ನೋಡುವುದಿಲ್ಲವೇ, ಹಾಗೆ. ಈ ಉಗುಳುವ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದಿರಲಿ, ಕತ್ತಲಲ್ಲಿ, ಕೆಸರು ನೀರಲ್ಲಿ ಬಾಸ್‌ಗೆ ಮರಿಮೀನು ಬಂದದ್ದು ಹೇಗೆ ತಿಳಿಯುತ್ತದೆ? ಒಂದು ಆಟ ಆಡಿ. ಬಕೆಟ್ ತುಂಬ ನೀರಿಟ್ಟು ನಿಮ್ಮ ಕೈ ಮುಳುಗಿಸಿ, ಕಣ್ಣು ಮುಚ್ಚಿ. ತಂಗಿಗೆ ಅದೇ ನೀರಿನಲ್ಲಿ ಬೆರಳು ಆಡಿಸಲು ಹೇಳಿ. ಅವಳು ನಿಮ್ಮನ್ನು ಮುಟ್ಟದಿದ್ದರೂ ನೀರಿನ ತಳ್ಳಾಟ ನಿಮ್ಮ ಚರ್ಮಕ್ಕೆ ಗೊತ್ತಾಗುತ್ತದೆ. ಮೀನಿನ ಮೈಯಲ್ಲಿ ಇದಕ್ಕೆಂದೇ ಒಂದು ಏರ್ಪಾಡಿದೆ. ಕಿವಿರಿನಿಂದ ಬಾಲದವರೆಗೆ ಸಣ್ಣ ಸಣ್ಣ ತೂತುಗಳ ಸಾಲು, ಒಳಗೆ ಲೋಳೆಯ ಟೋಪಿ ಹಾಕಿಕೊಂಡ ಸೂಕ್ಷ್ಮ ಕೂದಲುಗಳು. ನೀರು ಕದಲಿದರೆ ಟೋಪಿ ಓಲಾಡುತ್ತದೆ, ಕೂದಲು ಬಾಗುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಈ ಸಾಲಿಗೆ ಪಾರ್ಶ್ವರೇಖೆ ಎಂದು ಹೆಸರು. ಅಂಗಡಿಯಲ್ಲಿ ಮೀನು ಕೊಳ್ಳುವಾಗ ಪಕ್ಕದಲ್ಲಿ ಕಾಣುವ ಸಣ್ಣ ಗೀರು ಅದೇ.

ಆದ್ದರಿಂದ ಹುಸಿ ಎರೆ ಮೋಸಗೊಳಿಸಬೇಕಾದದ್ದು ಕಣ್ಣನ್ನಷ್ಟೇ ಅಲ್ಲ, ಮೈಯನ್ನೂ. ಇದು ಜನರಿಗೆ ಹೊಳೆದ ರೀತಿಯೇ ಸ್ವಾರಸ್ಯ. ಅಮೆರಿಕದ ವರ್ಮಾಂಟಿನ ಜೂಲಿಯೊ ಬ್ಯುಯೆಲ್ ದೋಣಿಯಲ್ಲಿ ಕೂತು ಊಟ ಮಾಡುವಾಗ ಚಮಚ ನೀರಿಗೆ ಬಿತ್ತಂತೆ. ಅದು ಓಲಾಡುತ್ತ ಮುಳುಗುತ್ತಿದ್ದರೆ ಮೀನೊಂದು ಬಂದು ಗಬಕ್ಕನೆ ನುಂಗಿತಂತೆ. ಆತ ಮುಂದೆ ಚಮಚಕ್ಕೇ ಗಾಳ ಕಟ್ಟಿ, 1852ರಲ್ಲಿ ಪೇಟೆಂಟ್ ಪಡೆದ. ಫಿನ್ಲೆಂಡಿನ ಲೌರಿ ರಪಾಲ ಎಂಬ ಮೀನುಗಾರ ಇನ್ನೊಂದನ್ನು ಗಮನಿಸಿದ: ನೂರು ಮರಿಮೀನುಗಳ ಗುಂಪಿನಲ್ಲಿ ದೊಡ್ಡ ಮೀನು ಆರಿಸಿಕೊಳ್ಳುವುದು ಕುಂಟುತ್ತ ಓಲಾಡುವ ಒಂದನ್ನು. 1936ರಲ್ಲಿ ಆತ ಬೆಂಡು ಕೆತ್ತಿ ಓಲಾಡುವ ಮೀನು ಮಾಡಿದ. ಹೊಳಪಿಗೆ ಏನು ಸುತ್ತಿದ ಗೊತ್ತೇ? ಚಾಕೊಲೆಟ್ಟಿನ ಬೆಳ್ಳಿ ಕಾಗದ! ಅದರ ಮೇಲೆ ಹಳೆಯ ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಬಳಿದ. ಮನೆಯ ತುಂಬಿದ ಬಕೆಟ್ಟಿಗೆ ಒಂದು ಚಮಚ ಬಿಟ್ಟು ನೋಡಿ, ಅದು ನೇರವಾಗಿ ಇಳಿಯುವುದಿಲ್ಲ. ಆ ವಯ್ಯಾರವೇ ಬಾಸ್ ಕಿವಿಗೆ, ಅಲ್ಲ, ಮೈಗೆ ಬೀಳುವ ಕರೆ.

ಇನ್ನು ಬಣ್ಣ. ನಮ್ಮ ಕಣ್ಣಿನೊಳಗೆ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿವೆ. ಬಾಸ್‌ಗೆ ಇರುವುದು ಎರಡೇ ಬಗೆ, ಒಂದು ಹಸಿರಿಗೆ, ಒಂದು ಕೆಂಪಿಗೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಬಾಸ್‌ಗಳಿಗೆ ಪಾಠ ಹೇಳಿಕೊಟ್ಟರು: ಇಂಥ ಬಣ್ಣದ ಹತ್ತಿರ ಹೋದರೆ ತಿಂಡಿ, ಬೇರೆಯದಕ್ಕೆ ಇಲ್ಲ. ಕೆಂಪು, ಹಸಿರಿನ ಪರೀಕ್ಷೆಯಲ್ಲಿ ಅವು ಚೆನ್ನಾಗಿ ಪಾಸಾದವು. ಎಳೆ ನಿಂಬೆಯ ಹಳದಿ-ಹಸಿರನ್ನು ಬಿಳಿಯ ಜೊತೆ, ನೀಲಿಯನ್ನು ಕಪ್ಪಿನ ಜೊತೆ ಗೊಂದಲ ಮಾಡಿಕೊಂಡವು. ಹಾಗಾದರೆ ಪೆಟ್ಟಿಗೆಯಲ್ಲಿ ನಲವತ್ತು ಬಣ್ಣ ಯಾಕೆ? ನನಗನಿಸುವುದು, ಅರ್ಧ ಬಣ್ಣ ಮೀನು ಹಿಡಿಯಲಿಕ್ಕೆ, ಉಳಿದರ್ಧ ಅಂಗಡಿಗೆ ಬಂದ ಗಿರಾಕಿಯನ್ನು ಹಿಡಿಯಲಿಕ್ಕೆ!

ಬಣ್ಣದ ವಿಷಯದಲ್ಲಿ ನೀರೂ ಒಂದು ಕೈ ನೋಡುತ್ತದೆ. ಆಳಕ್ಕೆ ಹೋದಂತೆ ನೀರು ಕೆಂಪು ಬೆಳಕನ್ನು ಮೊದಲು ಕುಡಿದುಬಿಡುತ್ತದೆ, ಆಮೇಲೆ ಕೆಂಪು ಹುಳುವೂ ಕರಿ ಹುಳುವೇ. ತಿಳಿನೀರಿದ್ದರೆ ಮರಿಮೀನಿನಂಥ ಮಾಸಲು, ಪಾರದರ್ಶಕ ಬಣ್ಣ ನಡೆಯುತ್ತದೆ. ಕೆಸರು ನೀರಿಗೆ ಅನುಭವಿಗಳು ಕಪ್ಪು ಹುಳು ಆರಿಸುತ್ತಾರೆ. ಮಂಜು ಮುಸುಕಿದ ಬೆಳಗಿನಲ್ಲಿ ರಸ್ತೆಯಾಚೆ ನಿಂತವರ ಅಂಗಿಯ ಬಣ್ಣ ಕಾಣದಿದ್ದರೂ ಕಪ್ಪು ಆಕಾರ ಕಾಣುತ್ತದಲ್ಲ, ಅದೇ ಲೆಕ್ಕ.

ಈಗ ಮೆತ್ತನೆಯ ಹುಳುವಿಗೆ ಬರೋಣ. ಅದು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಅಡುಗೆಮನೆಯಲ್ಲಿ. 1949ರಲ್ಲಿ ಒಹಾಯೊದ ಏಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಮತ್ತು ಅವನ ಹೆಂಡತಿ ಕಾಸ್ಮಾ ಮನೆಯ ಒಲೆಯ ಮೇಲೆ ಪ್ಲಾಸ್ಟಿಕ್ ಕಾಯಿಸಿ, ನಿಜವಾದ ಎರೆಹುಳುವಿನಿಂದ ತೆಗೆದ ಅಚ್ಚಿಗೆ ಹೊಯ್ದರು. ಅದಕ್ಕೂ ಮೊದಲು ರಬ್ಬರಿನ ಹುಳುಗಳಿದ್ದವು, ಆದರೆ ಅವು ಗಡಸು.

ಈ ಪ್ಲಾಸ್ಟಿಕ್ ಮೊದಲು ಹಾಲಿನಂಥ ಬಿಳಿ ದ್ರವ. ನಮ್ಮ ನೀರಿನ ಪೈಪು ಮಾಡುವ ಪಿವಿಸಿಯ ನುಣ್ಣನೆ ಪುಡಿ ಎಣ್ಣೆಯಂಥ ದ್ರವದಲ್ಲಿ ತೇಲುತ್ತಿರುತ್ತದೆ. ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಪುಡಿಯ ಕಣಗಳು ಆ ಎಣ್ಣೆಯನ್ನು ಹೀರಿ ಉಬ್ಬಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬಿಳಿ ಹೋಗಿ ಪಾರದರ್ಶಕವಾಗುತ್ತದೆ. ಸಬ್ಬಕ್ಕಿ ಬೇಯುವುದನ್ನು ನೋಡಿದ್ದೀರಾ? ಬೆಳ್ಳಗಿದ್ದ ಕಾಳು ನೀರು ಹೀರಿ ಗಾಜಿನ ಮಣಿಯಂತಾಗುತ್ತದೆ, ಹೆಚ್ಚುಕಡಿಮೆ ಹಾಗೆ. ಆದರೆ ಇದರ ಹೊಗೆ ಕೆಟ್ಟದ್ದು, ಮನೆಯಲ್ಲಿ ಯಾರೂ ಮಾಡಿ ನೋಡಬೇಡಿ. ಸಂಡಿಗೆ ಬೇಕಾದರೆ ಮಾಡಿ, ನನಗೂ ನಾಲ್ಕು ಕಳಿಸಿ.

ಎಣ್ಣೆ ಹೆಚ್ಚಿದ್ದಷ್ಟೂ ಹುಳು ಮೆತ್ತಗೆ. ಈ ಎಣ್ಣೆಯ ಪರಿಚಯ ನಿಮಗೆ ಆಗಲೇ ಇದೆ. ಕಂಪಾಸ್ ಪೆಟ್ಟಿಗೆಯಲ್ಲಿ ಬೇಸಿಗೆ ರಜೆ ಪೂರ್ತಿ ಬಿಟ್ಟ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿ, ಅಲ್ಲೊಂದು ಗುಳಿ ಬಿದ್ದಿರುತ್ತದಲ್ಲ? ರಬ್ಬರಿನಲ್ಲಿರುವ ಎಣ್ಣೆ ಮೆಲ್ಲನೆ ಸ್ಕೇಲಿನೊಳಗೆ ಹೊಕ್ಕು ಅದನ್ನೂ ಮೆತ್ತಗೆ ಮಾಡಿದೆ. ಮೀನು ಹಿಡಿಯುವವರ ಪೆಟ್ಟಿಗೆಯಲ್ಲೂ ಇದೇ ಗೋಳು. ಬೇರೆ ಬೇರೆ ಬಗೆಯ ಹುಳುಗಳನ್ನು ಒಟ್ಟಿಗೆ ತುಂಬಿಟ್ಟರೆ ಬಿಸಿಲಿಗೆ ಒಂದೇ ಮುದ್ದೆಯಾಗಿ ಕೂತಿರುತ್ತವೆ.

ಬಾಸ್ ಉಗುಳುತ್ತದೆ ಎಂದಿದ್ದೆನಲ್ಲ, ಈಗ ಅದು ಬೇಕು. ಮರದ ತುಂಡನ್ನು ತಕ್ಷಣ ಉಗುಳುವ ಬಾಸ್, ಮೆತ್ತನೆಯದನ್ನು ಇನ್ನೊಂದು ಗಳಿಗೆ ಬಾಯಲ್ಲಿ ಇಟ್ಟುಕೊಳ್ಳುತ್ತದೆ. ಆ ಗಳಿಗೆಯನ್ನು ಇನ್ನಷ್ಟು ಎಳೆಯಲು ತಯಾರಕರು ಪ್ಲಾಸ್ಟಿಕ್ಕಿಗೆ ಉಪ್ಪು ಬೆರೆಸುತ್ತಾರೆ. ರುಚಿ ಒಂದು ಕಾರಣ, ಇನ್ನೊಂದು ತೂಕ. ಅದೇ ಅಳತೆಯ ನೀರಿಗಿಂತ ಉಪ್ಪಿನ ಹರಳು ಎರಡು ಪಟ್ಟಿಗೂ ತುಸು ಹೆಚ್ಚು ಭಾರ. ಹಾಗಾಗಿ ಉಪ್ಪು ತಿಂದ ಹುಳು ತಾನೇ ಮುಳುಗುತ್ತದೆ. ಸೆಂಕೊ ಎಂಬ ಹೆಸರಾಂತ ಹುಳು ಬಾಲ್‌ಪೆನ್ನಿನ ಹಾಗಿದೆ, ಬಾಲವಿಲ್ಲ, ಕಾಲಿಲ್ಲ, ಅಂದವೂ ಇಲ್ಲ. ನೀರಿಗೆಸೆದು ಸುಮ್ಮನೆ ಬಿಟ್ಟರೆ ಎರಡೂ ತುದಿ ನಡುಗಿಸುತ್ತ ಮಲಗಿದಂತೆ ಇಳಿಯುತ್ತದೆ. ಅದರ ಸಾಮರ್ಥ್ಯವೆಲ್ಲ ಆ ಇಳಿತದಲ್ಲಿದೆ.

ಹುಳು ಆಯಿತು, ಗಾಳ ಬೇಡವೇ? ಸೂಜಿಗೆ ಇರುವಂತೆ ಗಾಳಕ್ಕೂ ಕಣ್ಣಿದೆ, ದಾರ ಕಟ್ಟುವುದು ಅಲ್ಲಿ. ಆಮೇಲೆ ಕಾಂಡ, ಬಾಗು, ಮೊನೆ. ಮೊನೆಯ ಹಿಂದೆ ಜಾರದಂತೆ ತಡೆಯುವ ಹಿಮ್ಮುಳ್ಳು. ಕಾಂಡಕ್ಕೂ ಮೊನೆಗೂ ನಡುವಿನ ಜಾಗ ಹುಳುವಿನ ದಪ್ಪಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಜಾಗವನ್ನೆಲ್ಲ ಹುಳುವೇ ತುಂಬಿ, ಮೊನೆಗೆ ಕೆಲಸವೇ ಇರುವುದಿಲ್ಲ. ದಪ್ಪ ಹುಳುವಿಗೆ ಅಗಲ ಬಾಗಿನ ಗಾಳ ಆರಿಸುವುದು ಇದಕ್ಕೇ.

ಗಾಳದ ನಂಬರು ಸ್ವಲ್ಪ ತಲೆತಿರುಗಿಸುತ್ತದೆ. 10ನೇ ನಂಬರಿಗಿಂತ 6 ದೊಡ್ಡದು, 6ಕ್ಕಿಂತ 1 ದೊಡ್ಡದು. ನೂಲಿನಲ್ಲೂ ಹೀಗೇ, ನಂಬರು ಏರಿದಷ್ಟೂ ಎಳೆ ನವಿರು. ಆದರೆ 1 ದಾಟಿದ ಮೇಲೆ ಲೆಕ್ಕ ತಿರುಗುತ್ತದೆ: 1/0, 2/0, 3/0 ಎಂದು ಏರುತ್ತ ಗಾಳವೂ ದೊಡ್ಡದಾಗುತ್ತದೆ. ಗೇಣಿಗಿಂತ ಚೂರು ಚಿಕ್ಕ ಹುಳುವಿಗೆ 3/0 ಅಥವಾ 4/0 ಸರಿಹೋಗುತ್ತದೆ.

ಬಾಸ್ ಇರುವುದು ಜೊಂಡಿನೊಳಗೆ. ಮೊನೆ ಹೊರಗಿದ್ದರೆ ಮೀನಿನ ಬದಲು ಜೊಂಡೇ ಸಿಕ್ಕೀತು. ಅದಕ್ಕೆ ಟೆಕ್ಸಸ್ ಕಟ್ಟು ಎಂಬ ಜಾಣ ಉಪಾಯವಿದೆ. ಮೊನೆಯನ್ನು ಹುಳುವಿನ ತಲೆಗೆ ಚುಚ್ಚಿ, ಅರ್ಧ ಬೆರಳಗಲದಷ್ಟು ಕೆಳಗೆ ಹೊರತೆಗೆದು, ಗಾಳವನ್ನು ತಿರುಗಿಸಿ, ಮೊನೆಯನ್ನು ಮತ್ತೆ ಹೊಟ್ಟೆಯೊಳಗೆ ಹುದುಗಿಸುತ್ತಾರೆ. ಅಮ್ಮ ಸೆರಗಿಗೆ ಪಿನ್ನು ಹಾಕುವಾಗ ಮೊನೆ ಕಾಣದಂತೆ ನೆರಿಗೆಯೊಳಗೆ ಮುಚ್ಚುತ್ತಾಳಲ್ಲ, ಹಾಗೆ. ಜೊಂಡು ತಾಗಿದರೆ ಹುಳು ಜಾರಿಕೊಂಡು ಹೋಗುತ್ತದೆ. ಬಾಸ್ ಕಚ್ಚಿದರೆ ಮೆತ್ತನೆ ಮೈ ಕುಗ್ಗಿ ಮೊನೆ ಹೊರಬರುತ್ತದೆ. ಹುಳು ಮೆತ್ತಗಿರಬೇಕಾದ್ದಕ್ಕೆ ಇದು ಇನ್ನೊಂದು ಕಾರಣ. ಇದನ್ನೆಲ್ಲ ಕಲಿಯುವಾಗ ಪಕ್ಕದಲ್ಲಿ ದೊಡ್ಡವರು ಇರಲೇಬೇಕು, ಹಿಮ್ಮುಳ್ಳಿಗೆ ಬೆರಳು, ಮೀನು ಎಂಬ ಭೇದವಿಲ್ಲ.

ತಲೆಯ ಮುಂದೆ ಬುಗುರಿ ಮೊನೆಯಂಥ ಒಂದು ತೂಕದ ಗುಂಡು ಸೇರಿಸುವುದುಂಟು. ಹಿಂದೆ ಅದು ಸೀಸ. ಅಮೆರಿಕದಲ್ಲಿ ಲೂನ್ ಎಂಬ ನೀರುಹಕ್ಕಿ ಆಹಾರ ಅರೆಯಲು ಬೆಣಚುಕಲ್ಲು ನುಂಗುತ್ತದೆ. ಅದರ ಜೊತೆ ಕಳೆದುಹೋದ ಸೀಸದ ಗುಂಡನ್ನೂ ನುಂಗಿ ಎಷ್ಟೋ ಲೂನ್‌ಗಳು ವಿಷವೇರಿ ಸತ್ತವು. ಕೆಲವು ರಾಜ್ಯಗಳು ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿವೆ, ಈಗ ಟಂಗ್‌ಸ್ಟನ್ ಬಳಸುವವರೂ ಇದ್ದಾರೆ. ಹರಿದ ಪ್ಲಾಸ್ಟಿಕ್ ಹುಳುವನ್ನೂ ನೀರಿಗೆ ಎಸೆಯಬಾರದು. ಅದು ಕೊಳೆಯುವುದಿಲ್ಲ, ನುಂಗಿದ ಮೀನಿಗೆ ಜೀರ್ಣವೂ ಆಗುವುದಿಲ್ಲ. ತಿಳಿದವರು ಜೇಬಿನಲ್ಲಿ ಹಾಕಿಕೊಂಡು ಮನೆಗೆ ತರುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ ದೊಡ್ಡ ಪೆಟ್ಟಿಗೆ ಬೇಕೆನಿಸಿತೇ? ಹಾಗಾದರೆ ಜಾರ್ಜ್ ಪೆರಿಯ ಸಂಗತಿ ಕೇಳಿ. 1932ರ ಜೂನ್ 2, ಜಾರ್ಜಿಯ ರಾಜ್ಯ. ಮಳೆಯಿಂದ ಹೊಲ ಒದ್ದೆ, ಉಳಲು ಆಗುವಂತಿಲ್ಲ. ಇಪ್ಪತ್ತರ ಹರೆಯದ ಆ ರೈತ ಗೆಳೆಯನ ಜೊತೆ ಮಾಂಟ್‌ಗೊಮೆರಿ ಸರೋವರಕ್ಕೆ ಹೋದ. ಇಬ್ಬರ ನಡುವೆ ಇದ್ದದ್ದು ಒಂದೇ ಒಂದು ಹುಸಿ ಎರೆ, ಮರಿಮೀನಿನ ರೂಪದ್ದು. ಒಬ್ಬ ಎಸೆದರೆ ಇನ್ನೊಬ್ಬ ಹುಟ್ಟು ಹಾಕಬೇಕು. ಅದಕ್ಕೆ ಸಿಕ್ಕ ಬಾಸ್ 22 ಪೌಂಡ್ 4 ಔನ್ಸ್ ತೂಗಿತು, ಅಂದರೆ 10 ಕಿಲೋಗೂ ತುಸು ಹೆಚ್ಚು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಬಾಸ್ ಅದರ ಸಮಕ್ಕೆ ನಿಂತಿತು, ಈ ವಿಶ್ವದಾಖಲೆ ಈಗ ಇಬ್ಬರದೂ. ಕುರಿತಾ ಬಳಸಿದ್ದು ಜೀವಂತ ಮೀನಿನ ಎರೆ.

ಪೆರಿ ತನ್ನ ಮೀನನ್ನು ಊರ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಮನೆಗೆ ಒಯ್ದ. ಕಷ್ಟದ ಕಾಲ, ಉಣ್ಣುವ ಬಾಯಿಗಳು ಬಹಳ. ಜಗತ್ತಿನ ಅತಿ ದೊಡ್ಡ ಬಾಸ್ ಅಂದು ರಾತ್ರಿ ಆ ಮನೆಯ ಅಡುಗೆಯಾಯಿತು.