ಗಣಿಯ ಗೋಡೆ ಅಳೆಯುವ ಛಾಯಾಚಿತ್ರ



2001ರಲ್ಲಿ ಮುಚ್ಚಿಹೋದ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಭಾರಕ್ಕೆ ಸುರಂಗದ ಗೋಡೆಗಳು ಒಳಕ್ಕೆ ಸರಿಯುತ್ತವೆ. ಕೆಲವೊಮ್ಮೆ ಬಂಡೆಯೇ ಸಿಡಿಯುತ್ತದೆ. ಅಲ್ಲಿ ಇಂತಹ ಸಿಡಿತಗಳಿಗೆ ಅನೇಕ ಕಾರ್ಮಿಕರು ಬಲಿಯಾದರು.

ಎದುರುಬದುರು ಗೋಡೆಗಳಿಗೆ ಬೋಲ್ಟ್ ಕೂರಿಸಿ, ನಡುವಿನ ಅಂತರವನ್ನು ಟೇಪಿನಿಂದ ಅಳೆಯುವುದು ಹಳೆಯ ಕ್ರಮ. ಅದು ನಿಖರವೇ. ಆದರೆ ಬೋಲ್ಟ್ ಇರುವ ಕಡೆಯ ಚಲನೆ ಮಾತ್ರ ತಿಳಿಯುತ್ತದೆ. ಅಳೆಯುವವರು ಅಪಾಯದ ಬಂಡೆಯ ಕೆಳಗೇ ನಿಲ್ಲಬೇಕಾಗುತ್ತದೆ.

ಫೋಟೋಗ್ರಾಮೆಟ್ರಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ. ನಮ್ಮ ಎರಡು ಕಣ್ಣುಗಳು ದೂರವನ್ನು ಗ್ರಹಿಸುವಂತೆ, ಒಂದೇ ಗೋಡೆಯನ್ನು ಹಲವು ಜಾಗಗಳಿಂದ ಚಿತ್ರ ತೆಗೆದರೆ, ಕಂಪ್ಯೂಟರ್ ಸಮಾನ ಬಿಂದುಗಳನ್ನು ಹುಡುಕಿ ಮೂರು ಆಯಾಮದ ರೂಪ ಕಟ್ಟುತ್ತದೆ. ಉದ್ದ ಗೊತ್ತಿರುವ ಅಳತೆಪಟ್ಟಿ ಚಿತ್ರದಲ್ಲಿರಬೇಕು. ಅಲುಗದ ಜಾಗದಲ್ಲಿ ಗುರುತುಗಳಿರಬೇಕು. ಕೆಲವು ದಿನಗಳ ನಂತರ ಮತ್ತೆ ತೆಗೆದು ಹೋಲಿಸಿದರೆ ಗೋಡೆ ಎಲ್ಲಿ, ಎಷ್ಟು ಉಬ್ಬಿದೆ ಎಂಬುದು ಕಾಣುತ್ತದೆ. ಧೂಳು, ಕತ್ತಲು ಇದರ ಶತ್ರುಗಳು. ಹಠಾತ್ ಸಿಡಿತವನ್ನೂ ಇದು ಮುಂಗಾಣದು. ಕಂಪನಮಾಪಕಗಳ ನಿಗಾ ಜೊತೆಗಿರಬೇಕು.

ವಿದ್ಯಾರ್ಥಿಗಳೇ, ಇದರ ಬುಡದಲ್ಲಿರುವುದು ನೀವು ಶಾಲೆಯಲ್ಲಿ ಕಲಿಯುವ ತ್ರಿಕೋನಮಿತಿ. ಆ ಲೆಕ್ಕ ಸರಿಯಾಗಿದ್ದರೆ ಆಸರೆ ಬೇಕಾದ ಜಾಗ ಮೊದಲೇ ತಿಳಿಯುತ್ತದೆ; ಪಾಳಿ ಮುಗಿಸಿದ ಕಾರ್ಮಿಕ ಕ್ಷೇಮವಾಗಿ ಮನೆ ಸೇರುತ್ತಾನೆ.