ಬೆಟ್ಟದೂರುಗಳ ನೆಂಟಸ್ತನ

(ಮಲೆನಾಡಿನ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ನಡೆದ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ದಿನ ಮಾತನಾಡಲು ನನಗೆ ಕೊಟ್ಟಿರುವ ವಿಷಯ ‘ಪರ್ವತ ಪ್ರದೇಶದ ಜನರ ಸುಸ್ಥಿರ ಅಭಿವೃದ್ಧಿಗೆ ನೆರವಾಗುವ ಜಾಲಗಳು’ ಎಂದು. ಹೆಸರು ಸ್ವಲ್ಪ ಭಾರವಾಯಿತು. ಜಾಲ ಎಂದರೆ ಮೀನಿನ ಬಲೆಯೂ ಆಗುತ್ತದೆ. ಆದ್ದರಿಂದ ನಾನು ಅದನ್ನು ನೆಂಟಸ್ತನ ಎಂದು ಕರೆಯುತ್ತೇನೆ. ಒಂದು ಬೆಟ್ಟದೂರಿಗೂ ಇನ್ನೊಂದು ಬೆಟ್ಟದೂರಿಗೂ ಇರುವ ಕೊಡುಕೊಳೆ, ಸುದ್ದಿ ಹೇಳಿ ಕಳಿಸುವುದು, ಕಷ್ಟಕ್ಕೆ ಹೋಗಿ ನಿಲ್ಲುವುದು, ಇಷ್ಟೇ ಅದರ ಅರ್ಥ.

ಇದರ ಅಗತ್ಯವೇನು ಎಂಬುದನ್ನು ತಮಗೆ ವಿವರಿಸಬೇಕಾಗಿಲ್ಲ. ಮೇಲಿನ ಗುಡ್ಡ ಬೋಳಾದರೆ ಕೆಳಗಿನ ಗದ್ದೆಗೆ ಮರಳು ಬಂದು ಬೀಳುತ್ತದೆ. ಮೇಲಿನವರ ಊರೇ ಬೇರೆ, ಕೆಳಗಿನವರ ಊರೇ ಬೇರೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡಗಳು ಜರಿದುದನ್ನು ನಾವೆಲ್ಲ ಕಂಡಿದ್ದೇವೆ. ಒಂದೂರಿನವರು ಎಷ್ಟೇ ಒಗ್ಗಟ್ಟಾಗಿದ್ದರೂ ಇಡೀ ಇಳಿಜಾರು ಅವರ ಕೈಯಲ್ಲಿ ಇರುವುದಿಲ್ಲ. ಈ ತೊಂದರೆಯನ್ನು ನಮಗಿಂತ ಮೊದಲು ಅನುಭವಿಸಿದವರು ಹಿಮಾಲಯದ ರೈತರು. ಅವರ ಅನುಭವವನ್ನೇ ಮೊದಲು ಹೇಳುತ್ತೇನೆ.

ಇಂದಿನ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ಗೋಪೇಶ್ವರ ಎಂಬ ಪಟ್ಟಣವಿದೆ. ಅಲ್ಲಿ 1964ರಲ್ಲಿ ಚಂಡೀಪ್ರಸಾದ ಭಟ್ಟರೂ ಅವರ ಸಂಗಡಿಗರೂ ಸೇರಿ ದಶೋಲಿ ಗ್ರಾಮ ಸ್ವರಾಜ್ಯ ಸಂಘವನ್ನು ಕಟ್ಟಿದರು. ಊರಿನ ಹುಡುಗರಿಗೆ ಊರಿನಲ್ಲೇ ಕೆಲಸ ಸಿಗಲೆಂಬುದು ಅವರ ಉದ್ದೇಶ. 1970ರ ಜುಲೈಯಲ್ಲಿ ಅಲಕನಂದಾ ನದಿಗೆ ಭಾರಿ ನೆರೆ ಬಂತು. ಪರಿಹಾರ ಕೆಲಸಕ್ಕೆ ಕಣಿವೆ ಕಣಿವೆ ಸುತ್ತಿದ ಸಂಘದವರಿಗೆ ಒಂದು ಸಂಗತಿ ಎದ್ದು ಕಂಡಿತು. ಮೇಲೆ ಕಾಡು ಕಡಿದ ಕಡೆಗಳಲ್ಲೇ ಗುಡ್ಡ ಹೆಚ್ಚಾಗಿ ಜರಿದಿತ್ತು. ಮೂರು ವರ್ಷ ಕಳೆಯಿತು. ನೊಗ, ನೇಗಿಲು ಮಾಡಿಕೊಳ್ಳಲು ಅಂಗು ಎಂಬ ಹಗುರವಾದ, ಗಟ್ಟಿಯಾದ ಮರವನ್ನು ಕೇಳಿದರೆ ರೈತರಿಗೆ ಇಲ್ಲವೆಂದರು. ಅದೇ ಮರವನ್ನು ಆಟದ ಸಾಮಾನು ಮಾಡುವ ಕಂಪನಿಗೆ ಕೊಟ್ಟರು. 1973ರ ಏಪ್ರಿಲ್‌ನಲ್ಲಿ ಮಂಡಲ್ ಎಂಬಲ್ಲಿ ಜನ ಎದ್ದು ನಿಂತರು. ಅದೇ ಚಿಪ್ಕೋ ಚಳವಳಿಯ ಆರಂಭ. 1974ರ ಮಾರ್ಚ್ 26ರಂದು ರೇಣಿ ಗ್ರಾಮದಲ್ಲಿ ಗಂಡಸರಿಲ್ಲದ ವೇಳೆ ಗೌರಾದೇವಿ ಎಂಬ ಹೆಣ್ಣುಮಗಳು ಊರಿನ ಹೆಂಗಸರನ್ನು ಕೂಡಿಕೊಂಡು ಕಾಡಿಗೆ ಹೋಗಿ ಕೊಡಲಿಯವರನ್ನು ತಡೆದದ್ದು ಪಠ್ಯಪುಸ್ತಕಗಳಿಗೂ ಬಂದಿದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ನಾನು ಹೇಳಬೇಕೆಂದಿರುವುದು ಅದರ ನಂತರದ ಕೆಲಸ. ಮರ ಉಳಿಸಿದ ಮೇಲೆ ದಶೋಲಿಯವರು ಊರೂರಿನಲ್ಲಿ ಗಿಡ ನೆಡುವ ಶಿಬಿರಗಳನ್ನು ನಡೆಸಿದರು. ಒಂದೂರಿನ ಶಿಬಿರಕ್ಕೆ ನೆರೆಯೂರಿನವರು, ಕಾಲೇಜು ವಿದ್ಯಾರ್ಥಿಗಳು, ಇಲಾಖೆಯ ನೌಕರರು ಬಂದು ಸೇರಿ ಕಲ್ಲಿನ ಪಾಗಾರ ಕಟ್ಟುವುದು, ಗುಂಡಿ ತೋಡುವುದು, ಸಸಿ ನೆಡುವುದು ಮಾಡುತ್ತಿದ್ದರು. ಸಂಜೆ ಕುಳಿತು ಚರ್ಚೆ. ಯಾವ ಗಿಡ ನೆಡಬೇಕು ಎಂದು ಕೇಳಿದಾಗ ಗಂಡಸರು ಹಣ ತರುವ ಹಣ್ಣಿನ ಗಿಡ ಎಂದರೆ ಹೆಂಗಸರು ಮೇವು ಮತ್ತು ಸೌದೆಯ ಗಿಡ ಎಂದರು. ಕೊನೆಗೆ ಎರಡನ್ನೂ ನೆಟ್ಟರು. ಕಾವಲಿನ ಹೊಣೆಯನ್ನು ಮಹಿಳಾ ಮಂಗಲ ದಳಗಳು ವಹಿಸಿಕೊಂಡವು. ತಾವು ಆರಿಸಿದ ಗಿಡವನ್ನು ತಾವೇ ಕಾಯ್ದುದರಿಂದ ಸಸಿಗಳು ಹೆಚ್ಚು ಉಳಿದವು. ನಾವು ವನಮಹೋತ್ಸವದ ದಿನ ನೆಟ್ಟು ಮರುವರ್ಷ ಅದೇ ಗುಂಡಿಗೆ ಮತ್ತೆ ನೆಡುವವರು ಇದನ್ನು ಗಮನಿಸಬೇಕು.

ಇನ್ನೊಂದು ಸಂಗತಿಯನ್ನು ನಮ್ಮ ಕೃಷಿ ವಿಜ್ಞಾನಿಗಳ ಬಳಗಕ್ಕೆಂದೇ ಹೇಳುತ್ತೇನೆ. 1980ರಲ್ಲಿ ಅದೇ ಜಿಲ್ಲೆಯ ಡೋಂಗ್ರಿ ಪೈತೋಲಿ ಎಂಬಲ್ಲಿ ಬಾಂಜ್ ಎಂಬ ಓಕ್ ಮರಗಳ ಕಾಡನ್ನು ಕಡಿದು ಬಿತ್ತನೆ ಆಲೂಗಡ್ಡೆಯ ಕ್ಷೇತ್ರ ಮಾಡುವ ಯೋಜನೆ ಬಂತು. ಬದಲಿಗೆ ಊರಿಗೆ ರಸ್ತೆ, ಶಾಲೆ, ಆಸ್ಪತ್ರೆ, ವಿದ್ಯುತ್ತು ಕೊಡುವುದಾಗಿ ಹೇಳಿದ್ದರು. ಊರಿನ ಗಂಡಸರ ಪಂಚಾಯಿತಿ ಒಪ್ಪಿತು. ಹೆಂಗಸರು ಒಪ್ಪಲಿಲ್ಲ. ಆ ಕಾಡು ಹೋದರೆ ಮೇವು, ಸೌದೆಗೆ ದಿನವೂ ಇನ್ನಷ್ಟು ದೂರ ನಡೆಯಬೇಕಾದವರು ಅವರೇ. ಅವರು ಚಿಪ್ಕೋದವರನ್ನು ಕರೆಸಿಕೊಂಡು ಮರಗಳ ಬಳಿ ನಿಂತರು, ಕಡಿಯುವುದು ನಿಂತಿತು. ಯೋಜನೆ ಮಾಡಿದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಒಳ್ಳೆಯ ಬಿತ್ತನೆ ಆಲೂಗಡ್ಡೆ ಗುಡ್ಡದ ರೈತನಿಗೆ ಬೇಕೇ ಬೇಕು. ಆದರೆ ಊರನ್ನು ಕೇಳಿದೆವು ಎಂದು ಅವರು ತಿಳಿದುಕೊಂಡದ್ದು ಅರ್ಧ ಊರನ್ನು ಮಾತ್ರ. ನೆರೆಯೂರುಗಳ ನಂಟು ಇರದಿದ್ದರೆ ಆ ಹೆಂಗಸರ ಮಾತು ಅಡಿಗೆಮನೆಯಲ್ಲೇ ಉಳಿಯುತ್ತಿತ್ತು.

1981ರಲ್ಲಿ ಸರ್ಕಾರ ಆ ಪ್ರದೇಶದಲ್ಲಿ 1000 ಮೀಟರಿಗಿಂತ ಎತ್ತರದಲ್ಲಿ ಹಸಿಮರವನ್ನು ವ್ಯಾಪಾರಕ್ಕಾಗಿ ಕಡಿಯುವುದನ್ನು ನಿಲ್ಲಿಸಿತು. ಇದರಿಂದ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಕೊಡಲಿ ನಿಂತಿತೇ ಹೊರತು ಕಾಡಿನ ಮೇಲಿನ ಅಧಿಕಾರ ಊರವರ ಕೈಗೆ ಬರಲಿಲ್ಲ. ಚಿಕ್ಕ ಕೆಲಸಕ್ಕೂ ಮರ ಅಡ್ಡಬಂದಿತೆಂದು ಅದೇ ಜನ ಮುಂದೆ ಗೊಣಗಿದ್ದುಂಟು. 2021ರ ಫೆಬ್ರವರಿ 7ರಂದು ಅದೇ ರೇಣಿಯ ಮೇಲಿನ ಶಿಖರದಿಂದ ಬಂಡೆ, ಹಿಮ ಕುಸಿದು ಋಷಿಗಂಗೆಯಲ್ಲಿ ಪ್ರವಾಹ ಬಂದಿತು. ಕೆಳಗಿನ ಎರಡು ಜಲವಿದ್ಯುತ್ ಯೋಜನೆಗಳು ನಾಶವಾದವು. ಸತ್ತವರು, ಕಾಣೆಯಾದವರು ಸೇರಿ 200ಕ್ಕೂ ಹೆಚ್ಚು ಮಂದಿ. ಆ ಯೋಜನೆಗಳ ಬಗ್ಗೆ ರೇಣಿಯವರು ಮೊದಲೇ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಕಾಡನ್ನು ಉಳಿಸಿಕೊಂಡ ಊರಿಗೂ ನದಿಯನ್ನು ತಡೆದುಕೊಳ್ಳುವ ಶಕ್ತಿ ಒಂಟಿಯಾಗಿ ಇರಲಿಲ್ಲ.

ಆ ನೆಂಟಸ್ತನ ನಮ್ಮ ನಾಡಿಗೂ ಬಂದ ಬಗೆ ತಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಸುಂದರಲಾಲ ಬಹುಗುಣರು 1981ರಿಂದ 1983ರವರೆಗೆ ಕಾಶ್ಮೀರದಿಂದ ಕೊಹಿಮಾದವರೆಗೆ ನಡೆದು ಊರೂರಿನ ಸುದ್ದಿ ಸಾಗಿಸಿದವರು. ಅವರ ಒಡನಾಟದಲ್ಲಿ ಕಲಿತು ಬಂದ ಪಾಂಡುರಂಗ ಹೆಗಡೆಯವರು ಮತ್ತು ಊರ ಯುವಕರು 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರೊಡನೆ ಕಳಸೆ ಕಾಡಿನಲ್ಲಿ ಮರ ಅಪ್ಪಿದರು. ಅದು ‘ಅಪ್ಪಿಕೋ’ ಆಯಿತು. ಅಲ್ಲಿಯ ಅಡಿಕೆ ಬೆಳೆಗಾರರಿಗೆ ಕಾಡು ದೂರದ ವಿಷಯವಲ್ಲ. ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇರುವ ಸೀಮೆ ಅದು. ಸೊಪ್ಪು ಇಲ್ಲದೆ ತೋಟವಿಲ್ಲ ಎಂದು ತಿಳಿದವರಿಗೆ ಗಢವಾಲಿನ ಹೆಂಗಸರ ಮಾತು ಬೇಗ ಅರ್ಥವಾಯಿತು.

ಇನ್ನು ನೇಪಾಳಕ್ಕೆ ಬರೋಣ. ಅಲ್ಲಿ 1957ರಲ್ಲಿ ಕಾಡುಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದರು. ತಮ್ಮದಲ್ಲವೆಂದ ಮೇಲೆ ಜನ ಕಾಯುವುದನ್ನು ಬಿಟ್ಟರು, ಇಲಾಖೆಗೆ ಕಾಯಲು ಆಳಿರಲಿಲ್ಲ, ಗುಡ್ಡಗಳು ಬೋಳಾದವು. 1978ರ ನಿಯಮಗಳಿಂದ ಕಾಡನ್ನು ಸ್ವಲ್ಪ ಸ್ವಲ್ಪವಾಗಿ ಊರಿನ ಪಂಚಾಯಿತಿಗಳಿಗೆ ವಹಿಸತೊಡಗಿದರು. 1993ರ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, ಆ ಕಾಡನ್ನು ನಿಜವಾಗಿ ಬಳಸುವ ಮನೆಗಳವರ ಗುಂಪಿಗೇ ಅಧಿಕಾರ ಕೊಟ್ಟಿತು. ಭೂಮಿ ಸರ್ಕಾರದ್ದು; ಮರ, ಸೊಪ್ಪು, ಹುಲ್ಲು ಗುಂಪಿನ ಆಡಳಿತದ್ದು. ಗುಂಪು ತನ್ನ ನಿಯಮ ಬರೆದುಕೊಂಡು, ಎಷ್ಟು ಕಡಿಯಬೇಕು, ಯಾವಾಗ ಮೇವಿಗೆ ಬಿಡಬೇಕು ಎಂಬ ಯೋಜನೆ ಮಾಡಿ ಅರಣ್ಯಾಧಿಕಾರಿಯ ಒಪ್ಪಿಗೆ ಪಡೆಯಬೇಕು. ಆದಾಯದಲ್ಲಿ ಶೇಕಡ 25ರಷ್ಟನ್ನಾದರೂ ಕಾಡಿಗೇ ಹಾಕಬೇಕು. ಇಂದು ಇಂತಹ ಗುಂಪುಗಳು 22,000ಕ್ಕೂ ಹೆಚ್ಚು.

ಗುಂಪುಗಳಾದರೆ ಸಾಲದು ಎಂದು ಅವರಿಗೆ ಬೇಗನೆ ಹೊಳೆಯಿತು. 1995ರಲ್ಲಿ ಗುಂಪುಗಳೆಲ್ಲ ಸೇರಿ ಒಂದು ರಾಷ್ಟ್ರೀಯ ಒಕ್ಕೂಟ ಮಾಡಿಕೊಂಡರು. ಅದರ ಸಮಿತಿಗಳಲ್ಲಿ ಅರ್ಧದಷ್ಟು ಹೆಂಗಸರು ಇರಬೇಕೆಂದು ನಿಯಮ. ಕಾಯ್ದೆ ತಿದ್ದಿ ಗುಂಪುಗಳ ಹಕ್ಕು ಮೊಟಕು ಮಾಡುವ ಪ್ರಯತ್ನ ನಡೆದಾಗ ರಾಜಧಾನಿಯಲ್ಲಿ ನಿಂತು ವಾದಿಸುವುದು ಈ ಒಕ್ಕೂಟವೇ. ಒಂದು ಕಣಿವೆಯ ಅರ್ಜಿಗೆ ಕಚೇರಿಯಲ್ಲಿ ಧೂಳು ಹಿಡಿಯಬಹುದು. ಇಷ್ಟು ಸಾವಿರ ಗುಂಪುಗಳ ಅರ್ಜಿಯನ್ನು ಓದದೆ ಇಡುವುದು ಕಷ್ಟ.

ಫಲವೇನೆಂದರೆ, 1994ರಲ್ಲಿ ಕಾಡು ಮತ್ತು ಕುರುಚಲು ಸೇರಿ ದೇಶದ ಶೇಕಡ 39.6ರಷ್ಟಿದ್ದದ್ದು 2015ರ ವರದಿಯ ಹೊತ್ತಿಗೆ ಶೇಕಡ 44.7 ಆಯಿತು. ಇದೆಲ್ಲವೂ ಗುಂಪುಗಳ ಪುಣ್ಯವೆಂದು ನಾನು ಹೇಳಲಾರೆ. ಹುಡುಗರು ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ ದುಡಿಯಲು ಹೋದರು. ಮೆಟ್ಟಿಲು ಗದ್ದೆಗಳು ಬೀಳುಬಿದ್ದು ಅಲ್ಲಿಯೂ ಕಾಡು ಬೆಳೆಯಿತು. ಕಾಡಿನ ಜೊತೆ ಮಂಗ, ಹಂದಿಗಳೂ ಬಂದವು. ಉಳಿದ ಮುದುಕರು ಜೋಳ ಬಿತ್ತಿದರೆ ಕೊಯ್ಯುವುದು ಮಂಗಗಳು. ತಾವು ನಗುತ್ತಿದ್ದೀರಿ, ನಮ್ಮೂರಿನ ಕತೆಯೇ ಎಂದು. ಆ ಕತೆಗೆ ಅವರಲ್ಲಿಯೂ ಉತ್ತರ ಸಿಕ್ಕಿಲ್ಲ.

ಮತ್ತೆ ಗಢವಾಲಿಗೆ ಒಂದು ನಿಮಿಷ. ತೆಹ್ರಿ ಜಿಲ್ಲೆಯ ಹೇಂವಲ್ ಕಣಿವೆಯಲ್ಲಿ ಚಿಪ್ಕೋದಲ್ಲಿದ್ದ ವಿಜಯ ಜಡಧಾರಿಯವರೂ ಇತರರೂ 1980ರ ದಶಕದ ಕೊನೆಯಲ್ಲಿ ಬೀಜ ಉಳಿಸುವ ಚಳವಳಿಗೆ ತೊಡಗಿದರು. ಅಲ್ಲಿ ‘ಬಾರಹ್‌ನಾಜಾ’ ಎಂಬ ಪದ್ಧತಿಯಿದೆ. ಹನ್ನೆರಡು ಧಾನ್ಯ ಎಂದು ಅರ್ಥ. ರಾಗಿಯ ಜೊತೆ ದಂಟಿನ ಕಾಳು, ಹುರುಳಿ, ಉದ್ದು, ರಾಜ್ಮಾ ಮುಂತಾದುವನ್ನು ಒಂದೇ ಹೊಲದಲ್ಲಿ ಬೆರೆಸಿ ಬೆಳೆಯುತ್ತಾರೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ದೊಡ್ಡಣ್ಣ ಎನ್ನಿ. ಇದನ್ನು ಬಿಟ್ಟು ಸೋಯಾ ಒಂದನ್ನೇ ಬೆಳೆಯಿರೆಂದು ಆಗ ಇಲಾಖೆ ಪ್ರಚಾರ ಮಾಡಿತು. ಸೋಯಾದಿಂದ ದನಕ್ಕೆ ಮೇವಿಲ್ಲ, ಮನೆಯಲ್ಲಿ ಎಣ್ಣೆ ತೆಗೆಯಲು ಬಾರದು ಎಂಬುದು ರೈತರ ಆಕ್ಷೇಪಣೆ. ಇವರು ಕಾಲ್ನಡಿಗೆಯಲ್ಲಿ ಹೋಗಿ ದೂರದ ಊರುಗಳಲ್ಲಿ ಇನ್ನೂ ಉಳಿದಿದ್ದ ಭತ್ತ, ರಾಜ್ಮಾ ತಳಿಗಳನ್ನು ಹಿಡಿ ಹಿಡಿಯಾಗಿ ತಂದು, ಬೆಳೆದು, ಕೇಳಿದವರಿಗೆ ಕೊಟ್ಟರು. ಪಡೆದವರು ಬೆಳೆದು ಮತ್ತೊಬ್ಬರಿಗೆ ಕೊಡಬೇಕು. ಬೀಜ ಬ್ಯಾಂಕ್ ಎಂಬ ದೊಡ್ಡ ಮಾತಿಲ್ಲದೆ ನಡೆದ ಕೆಲಸವಿದು.

ದೇಶ ದೇಶಗಳ ಮಟ್ಟದಲ್ಲಿಯೂ ಸಂಸ್ಥೆಗಳಿವೆ. 1983ರಲ್ಲಿ ಕಠ್ಮಂಡುವಿನಲ್ಲಿ ಹಿಮಾಲಯದ ಸುತ್ತಲ ಎಂಟು ದೇಶಗಳಿಗಾಗಿ ಪರ್ವತ ಅಭಿವೃದ್ಧಿ ಕೇಂದ್ರವೊಂದು ಆರಂಭವಾಯಿತು. 1992ರ ರಿಯೋ ಸಮ್ಮೇಳನದ ಕಾರ್ಯಸೂಚಿಯಲ್ಲಿ ಪರ್ವತಗಳಿಗೆ ಪ್ರತ್ಯೇಕ ಅಧ್ಯಾಯ ಸಿಕ್ಕಿತು. 2002ನ್ನು ಅಂತರರಾಷ್ಟ್ರೀಯ ಪರ್ವತ ವರ್ಷವಾಗಿ ಆಚರಿಸಿದರು. ಡಿಸೆಂಬರ್ 11 ಪರ್ವತ ದಿನ. ಇವುಗಳಿಂದ ಏನು ಬಂತು ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ.

ಫಿಲಿಪೈನ್ಸ್ ದೇಶದ ಮಿಂಡನಾವೊ ದ್ವೀಪದಲ್ಲಿ 1970ರ ದಶಕದಲ್ಲಿ ಇಳಿಜಾರು ಭೂಮಿಯ ಬೇಸಾಯಕ್ಕೆ ಒಂದು ಪದ್ಧತಿ ರೂಪಿಸಿದರು. ಅದಕ್ಕೆ ‘ಸಾಲ್ಟ್’ ಎಂದು ಚಿಕ್ಕ ಹೆಸರು. ಗುಡ್ಡಕ್ಕೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, ನಾಲ್ಕೈದು ಮೀಟರಿಗೊಂದರಂತೆ ಸಾಲು ಗುರುತಿಸಬೇಕು. ಪ್ರತಿ ಸಾಲಿನಲ್ಲೂ ಅರ್ಧ ಮೀಟರ್ ಅಂತರದ ಜೋಡಿ ಗೆರೆಗಳಲ್ಲಿ, ಸಾರಜನಕ ಕೂಡಿಸುವ ಗಿಡದ ಬೀಜವನ್ನು ಒತ್ತಾಗಿ ಬಿತ್ತಬೇಕು. ಬೇಲಿ ಬೆಳೆದಂತೆ ಅರ್ಧದಿಂದ ಒಂದು ಮೀಟರ್ ಎತ್ತರಕ್ಕೆ ಸವರಿ ಸೊಪ್ಪನ್ನು ನಡುವಿನ ಪಟ್ಟಿಯ ಬೆಳೆಗೆ ಹಾಸಬೇಕು. ಮಳೆಗೆ ಕೊಚ್ಚಿ ಬಂದ ಮಣ್ಣು ಬೇಲಿಗೆ ತಡೆದು ನಿಂತು ಕೆಲವು ವರ್ಷಗಳಲ್ಲಿ ತಾನಾಗಿ ಮೆಟ್ಟಿಲು ಬೀಳುತ್ತದೆ. ಇದನ್ನು ಕಠ್ಮಂಡುವಿನ ಕೇಂದ್ರದವರು ತಮ್ಮ ಗೋದಾವರಿ ಕ್ಷೇತ್ರದಲ್ಲಿ ಮಾಡಿ ನೋಡಿದರು.

ಆದರೆ ಮಿಂಡನಾವೊದವರು ಮೊದಲು ಬಿತ್ತಿದ್ದು ಬಹುಮಟ್ಟಿಗೆ ಸುಬಾಬುಲ್. 1985ರ ಸುಮಾರಿಗೆ ಅಲ್ಲಿಗೆ ಸಿಲ್ಲಿಡ್ ಎಂಬ ಚಿಕ್ಕ ಜಿಗಿಹುಳು ಬಂದು ಸುಬಾಬುಲ್ಲಿನ ಚಿಗುರನ್ನೆಲ್ಲ ಹೀರಿಬಿಟ್ಟಿತು. ಅವರು ಗ್ಲಿರಿಸಿಡಿಯ, ಫ್ಲೆಮಿಂಜಿಯ, ಡೆಸ್ಮೋಡಿಯಂ ಬೆರೆಸಿ ಬಿತ್ತುವುದಕ್ಕೆ ತಿರುಗಿದರು. ಈ ಸೋಲಿನ ಸುದ್ದಿಯೂ ಪದ್ಧತಿಯ ಜೊತೆಗೇ ಬೇರೆ ಬೆಟ್ಟಗಳಿಗೆ ತಲುಪಿತು. ನನ್ನ ಅಭಿಪ್ರಾಯದಲ್ಲಿ ನೆಂಟಸ್ತನದ ದೊಡ್ಡ ಪ್ರಯೋಜನ ಇದೇ. ನಮ್ಮಂತಹ ಪತ್ರಿಕೆಗಳಲ್ಲಿ ಗೆದ್ದವರ ಕತೆ ಹೆಚ್ಚು, ಸೋತವರ ಕತೆ ಕಡಿಮೆ. ವಿಸ್ತರಣಾ ಮಿತ್ರರು ಸೋತ ಹೊಲಕ್ಕೂ ರೈತರನ್ನು ಕರೆದುಕೊಂಡು ಹೋಗಬೇಕು. ಸಾಲ್ಟ್ ಪದ್ಧತಿಯ ಕುಂದನ್ನೂ ಹೇಳಿಬಿಡುತ್ತೇನೆ: ಸವರುವುದಕ್ಕೆ ಆಳು ಬಹಳ ಬೇಕು. ಆಳಿಲ್ಲದ ಊರುಗಳಲ್ಲಿ ಅದು ಹಬ್ಬಲಿಲ್ಲ. ನಮ್ಮ ಮಳೆಗಾಲಕ್ಕೆ ಬೇಲಿಯೊಂದೇ ಸಾಲದು. ಹೆಚ್ಚಿನ ನೀರು ಹೊರಹೋಗಲು ಬಸಿಗಾಲುವೆಯೂ ಇರಬೇಕು.

ಇಷ್ಟೆಲ್ಲ ಕೇಳಿದ ಮೇಲೆ ನಾವು ಎಲ್ಲಿಂದ ಆರಂಭಿಸುವುದು? ತಾಲ್ಲೂಕು ಮಟ್ಟದ ಸಂಘ, ಅಧ್ಯಕ್ಷರು, ಲೆಟರ್‌ಹೆಡ್ ಇವು ಈಗಲೇ ಬೇಡ. ಒಂದೇ ಹಳ್ಳದ ನೀರು ಕುಡಿಯುವ ಮೂರು ನಾಲ್ಕು ಊರಿನವರು ತಿಂಗಳಿಗೊಮ್ಮೆ ಸೇರಿರಿ. ಒಂದು ಸಲ ಮೇಲಿನೂರಿನಲ್ಲಿ, ಮರುತಿಂಗಳು ಕೆಳಗಿನೂರಿನಲ್ಲಿ. ಹೆಂಗಸರು ಬರಲು ಅನುವಾಗುವ ಹೊತ್ತಿಡಿ. ಹಾಲು ಕರೆಯುವ ಹೊತ್ತಿಗೆ ಸಭೆ ಕರೆದು ಅವರು ಬರಲಿಲ್ಲವೆಂದು ಹೇಳಬೇಡಿ. ಎಲ್ಲಿ ಧರೆ ಬಿರುಕು ಬಿಟ್ಟಿದೆ, ಯಾವ ಒರತೆ ಯಾವ ತಿಂಗಳು ಬತ್ತಿತು, ಯಾರ ಬಳಿ ಯಾವ ಬೀಜ ಇದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮಧ್ಯಾಹ್ನ ಗುಡ್ಡದಲ್ಲಿ ಮಟ್ಟದ ಸಾಲು ಗುರುತಿಸುವುದನ್ನು ಮಾಡಿ ತೋರಿಸುತ್ತೇವೆ. ದುಬಾರಿ ಉಪಕರಣ ಬೇಕಿಲ್ಲ. ಆಳೆತ್ತರದ ಎರಡು ಬಿದಿರು ಗಳಗಳನ್ನು ತುದಿಯಲ್ಲಿ ಕಟ್ಟಿ ಕಾಲು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಬಿಗಿದು, ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಬೇಕು. ಎರಡು ಕಾಲು ನಿಂತಲ್ಲಿ ಗೂಟ ಹೊಡೆದು, ದಾರ ಅಡ್ಡಪಟ್ಟಿಯನ್ನು ಮುಟ್ಟಿದ ಕಡೆ ಗುರುತು ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಬಳಿ ನಿಲ್ಲಿಸಿ ಮತ್ತೊಂದು ಗುರುತು. ಎರಡು ಗುರುತುಗಳ ನಟ್ಟನಡುವೆ ದಾರ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಎಂದು ಅರ್ಥ. ಬಿದಿರು, ಹಗ್ಗ ಹೊರಗೆ ಜಗುಲಿಯಲ್ಲಿ ಇಟ್ಟಿದೆ. ಊಟ ಮುಗಿಸಿಕೊಂಡು, ಊರಿಗೊಂದರಂತೆ ಕಟ್ಟಿಕೊಂಡು ಗುಡ್ಡಕ್ಕೆ ಬನ್ನಿ.