ಸ್ಪೋರ್ಟ್ಸ್ ಕಾರು ಸಂಸಾರಕ್ಕೆ ಒಗ್ಗೀತೇ?



ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು, 'ಇವುಗಳಲ್ಲಿ ಯಾವುದು ಒಳ್ಳೆಯದು?' ಎಂದು ಕೇಳುವುದು ನಮಗೆಲ್ಲ ಅಭ್ಯಾಸ. ಎರಡು ಸೈಕಲ್ಲುಗಳಿರಲಿ, ಎರಡು ಕಾಲೇಜುಗಳಿರಲಿ, ಪ್ರಶ್ನೆ ಇದೇ. ಆದರೆ ಇದು ಅರ್ಧ ಪ್ರಶ್ನೆ. 'ಯಾರಿಗೆ? ಯಾವ ಕೆಲಸಕ್ಕೆ?' ಎಂಬ ಇನ್ನರ್ಧ ಸೇರಿದಾಗ ಮಾತ್ರ ಅದಕ್ಕೆ ಉತ್ತರ ದೊರೆಯುತ್ತದೆ. ಈ ಮಾತನ್ನು ಇಂದು ಒಂದು ಉದಾಹರಣೆಯ ಮೂಲಕ ಪರಿಶೀಲಿಸೋಣ. ವೇಗದ ಸಂತೋಷಕ್ಕೆಂದೇ ತಯಾರಾದ ಎರಡು ಸ್ಪೋರ್ಟ್ಸ್ ಕಾರುಗಳನ್ನು 'ದಿನಬಳಕೆಗೆ ಆದೀತೇ?' ಎಂಬ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮೊದಲನೆಯದು ಜಪಾನಿನ ಹಿರೋಷಿಮಾದಲ್ಲಿ ತಯಾರಾಗುವ ಮಾಜ್ಡಾ ಎಂಎಕ್ಸ್-5. 1989ರಲ್ಲಿ ಅಮೆರಿಕದ ಶಿಕಾಗೋ ಪ್ರದರ್ಶನದಲ್ಲಿ ಜನರ ಮುಂದೆ ಬಂದ ಈ ಕಾರು, 2016ರ ಏಪ್ರಿಲ್ ವೇಳೆಗೆ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿತು. ಎರಡೇ ಸೀಟು, ಮೇಲೆ ಮಡಚಬಹುದಾದ ಬಟ್ಟೆಯ ಚಾವಣಿ. ನಾವು ನೋಡುತ್ತಿರುವುದು 2015ರಲ್ಲಿ ಮಾರಾಟಕ್ಕೆ ಬಂದ ಇದರ ನಾಲ್ಕನೆಯ ಪೀಳಿಗೆಯನ್ನು.

ಎರಡನೆಯದು ಟೊಯೋಟಾ ಜಿಟಿ86. ಟೊಯೋಟಾ ಮತ್ತು ಸುಬಾರು ಕಂಪನಿಗಳು ಕೂಡಿ ರೂಪಿಸಿ, 2012ರಲ್ಲಿ ಹೊರತಂದ ಕಾರು ಇದು. ಜಪಾನಿನ ಗುನ್ಮಾ ಪ್ರಾಂತದ ಸುಬಾರು ಕಾರ್ಖಾನೆಯಲ್ಲಿ ತಯಾರಾಯಿತು. ಇದರ ಎಂಜಿನ್ನಿನ ಸಿಲಿಂಡರುಗಳು ಎದ್ದು ನಿಂತಿರುವುದಿಲ್ಲ, ಎರಡು ಬದಿಗೆ ಮಲಗಿರುತ್ತವೆ. ಹೀಗಾಗಿ ಎಂಜಿನ್ನಿನ ಭಾರ ನೆಲಕ್ಕೆ ಹತ್ತಿರವಾಗಿ, ತಿರುವುಗಳಲ್ಲಿ ಕಾರು ಸ್ಥಿರವಾಗಿರುತ್ತದೆ. ಇದಕ್ಕೆ ಗಟ್ಟಿ ಚಾವಣಿಯಿದೆ. ಮುಂದಿನ ಎರಡು ಸೀಟಿನ ಹಿಂದೆ ಎರಡು ಪುಟ್ಟ ಸೀಟುಗಳಿವೆ. 2021ರಲ್ಲಿ 2.4 ಲೀಟರು ಎಂಜಿನ್ನಿನ ಜಿಆರ್86 ಇದರ ಸ್ಥಾನಕ್ಕೆ ಬಂತು. ನಮ್ಮ ಹೋಲಿಕೆ ಮೊದಲನೆಯ ಪೀಳಿಗೆಯದು.

ಈ ಎರಡು ಕಾರುಗಳೂ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದವಲ್ಲ. ಆದ್ದರಿಂದ ಇದನ್ನು ಕೊಳ್ಳುವವರಿಗೆ ಹೇಳುವ ಸಲಹೆ ಎಂದು ತಿಳಿಯಬೇಡಿ. ಹೋಲಿಸುವುದನ್ನು ಕಲಿಯುವ ಪಾಠ ಎಂದು ತಿಳಿಯಿರಿ.

ಇವು ಮಾರಾಟವಾದ ಬ್ರಿಟನ್ನಿನ ಒಂದು ಊರಿಗೆ ಹೋಗೋಣ. ಅಲ್ಲಿ ಒಬ್ಬ ಯುವ ದಂಪತಿಗಳಿದ್ದಾರೆ ಎಂದು ಊಹಿಸಿಕೊಳ್ಳಿ. ಮನೆಯ ಮುಂದೆ ಒಂದೇ ಕಾರಿಗೆ ಜಾಗ. ಕೈಯಲ್ಲಿ ಒಂದೇ ಕಾರಿಗೆ ಹಣ. ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂಬುದು ಇಬ್ಬರ ಬಹುದಿನದ ಆಸೆ. ಬಳಸಿದ ಕಾರುಗಳ ಅಂಗಡಿಯಲ್ಲಿ ಈ ಎರಡೂ ನಿಂತಿವೆ. ಆದರೆ ಈಗ ಅವರ ಮನೆಯಲ್ಲಿ ನಾಲ್ಕು ತಿಂಗಳ ಒಂದು ಮಗುವಿದೆ. ಅವರು ಯಾವುದನ್ನು ಆರಿಸಬೇಕು?

ಸಾಮಾನ್ಯವಾಗಿ ಎಲ್ಲರೂ ಮೊದಲು ಶಕ್ತಿಯ ಅಂಕಿಯನ್ನು ನೋಡುತ್ತಾರೆ. ಎಂಎಕ್ಸ್-5ರ 2 ಲೀಟರು ಎಂಜಿನ್ನಿಗೆ 2015ರಲ್ಲಿ 160 ಅಶ್ವಶಕ್ತಿ. ಜಿಟಿ86ರ 2 ಲೀಟರು ಎಂಜಿನ್ನಿಗೆ 200. ನಲವತ್ತು ಅಶ್ವಶಕ್ತಿ ಹೆಚ್ಚು! ಹಾಗಾದರೆ ಎರಡನೆಯದೇ ಬಹಳ ಮುಂದೆ ಎನ್ನುತ್ತೀರಾ? ತೂಕವನ್ನೂ ನೋಡಿ. ಎಂಎಕ್ಸ್-5 ಸುಮಾರು 1050 ಕಿಲೋಗ್ರಾಂ. ಜಿಟಿ86 ಸುಮಾರು 1240. ಭಾಗಿಸಿದರೆ ಒಂದು ಟನ್ನಿಗೆ ಮೊದಲನೆಯದರಲ್ಲಿ ಸುಮಾರು 152, ಎರಡನೆಯದರಲ್ಲಿ ಸುಮಾರು 161 ಅಶ್ವಶಕ್ತಿ. ದೊಡ್ಡದಾಗಿ ಕಂಡ ಅಂತರ ಹೆಚ್ಚುಕಡಿಮೆ ಕರಗಿಹೋಯಿತು. ಒಂಟಿಯಾಗಿ ನಿಂತ ಅಂಕಿ ಮೋಸ ಮಾಡಬಲ್ಲದು. ಅದರ ಜೊತೆಗಾರ ಅಂಕಿಯನ್ನೂ ಹುಡುಕಬೇಕು.

ಈಗ ಮಗುವಿನ ವಿಷಯಕ್ಕೆ ಬರೋಣ. ಬ್ರಿಟನ್ನಿನ ಕಾನೂನಿನ ಪ್ರಕಾರ ಮಗುವಿಗೆ 12 ವರ್ಷ ತುಂಬುವವರೆಗೆ, ಇಲ್ಲವೇ ಅದರ ಎತ್ತರ 135 ಸೆಂಟಿಮೀಟರು ಮುಟ್ಟುವವರೆಗೆ, ಕಾರಿನಲ್ಲಿ ಮಕ್ಕಳ ವಿಶೇಷ ಆಸನ ಬೇಕು. ಹಸುಗೂಸನ್ನು ಈ ಆಸನದಲ್ಲಿ ಹಿಮ್ಮುಖವಾಗಿ ಕೂರಿಸುತ್ತಾರೆ. ಏಕೆ? ಕೂಸಿನ ದೇಹಕ್ಕೆ ಹೋಲಿಸಿದರೆ ತಲೆ ಭಾರ. ಕುತ್ತಿಗೆ ಇನ್ನೂ ಎಳೆಯದು. ಕಾರು ಮುಂದಕ್ಕೆ ಡಿಕ್ಕಿ ಹೊಡೆದಾಗ, ಹಿಮ್ಮುಖವಾಗಿ ಕುಳಿತ ಕೂಸಿನ ತಲೆ, ಕುತ್ತಿಗೆ, ಬೆನ್ನು ಮೂರಕ್ಕೂ ಆಸನದ ಬೆನ್ನೇ ಆಸರೆಯಾಗುತ್ತದೆ.

ಆದರೆ ಇಲ್ಲೊಂದು ಅಪಾಯವಿದೆ. ಮುಂದಿನ ಸೀಟಿನ ಎದುರಿಗೆ ಗಾಳಿಚೀಲ, ಅಂದರೆ ಏರ್‌ಬ್ಯಾಗ್ ಇರುತ್ತದೆ. ಅಪಘಾತದ ಕ್ಷಣದಲ್ಲಿ ಅದು ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಉಬ್ಬುತ್ತದೆ. ದೊಡ್ಡವರನ್ನು ಕಾಯುವ ಅದೇ ಚೀಲ, ಹಿಮ್ಮುಖದ ಆಸನಕ್ಕೆ ಬಡಿದರೆ ಕೂಸಿನ ಪ್ರಾಣಕ್ಕೇ ಎರವಾಗಬಹುದು. ಅದಕ್ಕೇ, ಚಾಲೂ ಇರುವ ಗಾಳಿಚೀಲದ ಮುಂದೆ ಹಿಮ್ಮುಖದ ಆಸನವನ್ನು ಇಡುವಂತಿಲ್ಲ.

ಎಂಎಕ್ಸ್-5ರಲ್ಲಿ ಇರುವುದೇ ಮುಂದಿನ ಎರಡು ಸೀಟು. ಗಾಳಿಚೀಲವನ್ನು ನಿಲ್ಲಿಸಿ, ಕಂಪನಿಯ ಕೈಪಿಡಿ ಒಪ್ಪುವ ಆಸನವನ್ನೇ ಹಾಕಿದಿರಿ ಎಂದುಕೊಳ್ಳಿ. ಆಗ ತಾಯಿ ಕಾರು ಓಡಿಸಿದರೆ ತಂದೆ ಮನೆಯಲ್ಲಿ. ತಂದೆ ಓಡಿಸಿದರೆ ತಾಯಿ ಮನೆಯಲ್ಲಿ! ಮೂವರ ಸಂಸಾರ, ಎರಡು ಸೀಟು. ಈ ಲೆಕ್ಕವನ್ನು ಯಾವ ಎಂಜಿನ್ನೂ ಸರಿಪಡಿಸಲಾರದು.

ಜಿಟಿ86ರಲ್ಲಿ ಹಿಂದಿನ ಸೀಟಿದೆ. ಅಲ್ಲಿ ದೊಡ್ಡವರು ಕೂರುವುದು ಕಷ್ಟ. ಮೊಣಕಾಲು ಮುಂದಿನ ಸೀಟಿಗೂ ತಲೆ ಹಿಂದಿನ ಗಾಜಿಗೂ ತಾಗುತ್ತದೆ. ಆದರೆ ಮಗುವಿನ ಆಸನಕ್ಕೆ ಅದು ಜಾಗ ಕೊಡುತ್ತದೆ. ಕಷ್ಟವಿಲ್ಲವೆಂದಲ್ಲ. ಬಾಗಿಲು ಎರಡೇ. ಪ್ರತಿ ಸಲವೂ ಮುಂದಿನ ಸೀಟನ್ನು ಬಗ್ಗಿಸಿ, ಮಗುವನ್ನು ಎತ್ತಿಕೊಂಡು, ಸೊಂಟ ಬಾಗಿಸಿ ಒಳಗೆ ತೂರಬೇಕು. ಹಿಮ್ಮುಖದ ಆಸನ ಉದ್ದ ಬೇಡುವುದರಿಂದ ಅದರ ಮುಂದಿನ ಸೀಟನ್ನು ಇನ್ನೂ ಮುಂದಕ್ಕೆ ಸರಿಸಬೇಕು; ಅಲ್ಲಿ ಕುಳಿತವರು ಕಾಲು ಮಡಚಿಕೊಳ್ಳಬೇಕು. ಮಳೆಯಲ್ಲಿ, ಅಳುವ ಮಗುವಿನೊಂದಿಗೆ, ದಿನಕ್ಕೆ ನಾಲ್ಕು ಸಲ ಇದನ್ನು ಮಾಡುವುದು ಹೇಗಿರುತ್ತದೆಂದು ಯೋಚಿಸಿ. ಕಷ್ಟವೇ ಸರಿ. ಆದರೆ ಕಷ್ಟ ಬೇರೆ, ಅಸಾಧ್ಯ ಬೇರೆ.

ಮುಂದಿನದು ಸಾಮಾನು. ಎಂಎಕ್ಸ್-5ರ ಡಿಕ್ಕಿ 130 ಲೀಟರು. ವಿಮಾನದೊಳಗೆ ಕೈಯಲ್ಲಿ ಒಯ್ಯುವಂಥ ಎರಡು ಸಣ್ಣ ಸೂಟ್‌ಕೇಸು ಹಿಡಿಸುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಇರುವ ಮುಚ್ಚಳದ ಖಾನೆಯೂ ಇದರಲ್ಲಿ ಇಲ್ಲ. ಎರಡು ಸೀಟುಗಳ ನಡುವೆ ಹಿಂದಕ್ಕೆ ಒಂದು ಪುಟ್ಟ ಖಾನೆಯಿದೆ. ಜಿಟಿ86ರ ಡಿಕ್ಕಿ ಬ್ರಿಟನ್ನಿನ ವಿವರಪಟ್ಟಿಯಲ್ಲಿ 243 ಲೀಟರು. ಆದರೆ ಅದೇ ಕಾರಿನ ಅದೇ ಡಿಕ್ಕಿ ಅಮೆರಿಕದ ಪಟ್ಟಿಯಲ್ಲಿ 6.9 ಘನ ಅಡಿ, ಅಂದರೆ ಸುಮಾರು 195 ಲೀಟರು! ಡಿಕ್ಕಿ ಕುಗ್ಗಲಿಲ್ಲ, ಅಳೆಯುವ ಕ್ರಮ ಬೇರೆಯಾಯಿತು. ಆದ್ದರಿಂದ ಎರಡು ಅಂಕಿಗಳನ್ನು ಹೋಲಿಸುವ ಮುನ್ನ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದಿದ್ದಾರೆಯೇ ಎಂದು ಕೇಳಬೇಕು.

ಅಷ್ಟೇ ಅಲ್ಲ. ಲೀಟರು ಹೇಳುವುದು ಗಾತ್ರವನ್ನು, ಆಕಾರವನ್ನಲ್ಲ. ಹತ್ತು ಲೀಟರಿನ ಕೊಡ ಹತ್ತು ಲೀಟರು ನೀರನ್ನೇನೋ ಹಿಡಿಯುತ್ತದೆ. ಆದರೆ ಅದರ ಕಂಠದಲ್ಲಿ ಒಂದು ತೆಂಗಿನಕಾಯಿ ಇಳಿಯದೇ ಹೋಗಬಹುದು. ಮಗುವಿನ ತಳ್ಳುಗಾಡಿಯನ್ನು ಮಡಚಿ ಅಂಗಡಿಗೇ ಒಯ್ದು, ಡಿಕ್ಕಿಯಲ್ಲಿ ಇಟ್ಟು ನೋಡುವುದೇ ಸರಿಯಾದ ಪರೀಕ್ಷೆ.

ಜಿಟಿ86ರ ಇನ್ನೊಂದು ಅನುಕೂಲವನ್ನು ಅದರ ಅಭಿಮಾನಿಗಳು ತಪ್ಪದೆ ಹೇಳುತ್ತಾರೆ. ಹಿಂದಿನ ಸೀಟಿನ ಬೆನ್ನನ್ನು ಮಡಚಿದರೆ, ಬಿಡಿ ಚಕ್ರಗಳು ನಾಲ್ಕೂ ಒಳಗೆ ಹಿಡಿಸುತ್ತವೆ. ರೇಸ್ ಮೈದಾನಕ್ಕೆ ಹೋಗುವವರನ್ನು ಮನಸ್ಸಿನಲ್ಲಿಟ್ಟೇ ಹಾಗೆ ರೂಪಿಸಿದ್ದು. ಮಾತು ನಿಜ. ಆದರೆ ಆ ಬೆನ್ನು ಒಂದೇ ತುಂಡು. ಮಡಚಿದರೆ ಪೂರ್ತಿ ಮಡಚಬೇಕು. ಮಗುವಿನ ಆಸನ ಅಲ್ಲಿರುವಾಗ ಈ ಜಾಗ ಇಲ್ಲ. ಈ ಜಾಗ ಬೇಕೆಂದಾಗ ಮಗುವಿಗೆ ಸೀಟಿಲ್ಲ. ಪಟ್ಟಿಯಲ್ಲಿ ಎರಡು ಅನುಕೂಲಗಳು ಒಂದರ ಕೆಳಗೊಂದು ಅಚ್ಚಾಗಿರುತ್ತವೆ. ಬಾಳಿನಲ್ಲಿ ಅವು ಒಟ್ಟಿಗೆ ಸಿಗುವುದಿಲ್ಲ. ಇದು ಈ ಹೋಲಿಕೆಯಲ್ಲಿ ಬಹಳ ಜನ ಮರೆಯುವ ಅಂಶ.

ಖರ್ಚನ್ನೂ ನೋಡೋಣ. ಯೂರೋಪಿನ ಅಂದಿನ ಪರೀಕ್ಷಾ ಕ್ರಮದಲ್ಲಿ ನೂರು ಕಿಲೋಮೀಟರಿಗೆ ಎಂಎಕ್ಸ್-5 6.9 ಲೀಟರು, ಜಿಟಿ86 7.8 ಲೀಟರು ಪೆಟ್ರೋಲು ಬಳಸಿದವು. ರಸ್ತೆಯ ಮೇಲೆ ಎರಡೂ ಇದಕ್ಕಿಂತ ಹೆಚ್ಚು ಕುಡಿಯಬಹುದು. ವರ್ಷಕ್ಕೆ 15,000 ಕಿಲೋಮೀಟರು ಓಡಿಸಿದರೆ, ಈ ಲೆಕ್ಕದಂತೆ ವ್ಯತ್ಯಾಸ 135 ಲೀಟರು. ಟ್ಯಾಂಕು ಮೊದಲನೆಯದರಲ್ಲಿ 45, ಎರಡನೆಯದರಲ್ಲಿ 50 ಲೀಟರು. ದೊಡ್ಡ ಟ್ಯಾಂಕಿನ ಕಾರೇ ಹೆಚ್ಚು ದೂರ ಹೋಗುತ್ತದೆಯೇ? ಕಾಗದ ಪೆನ್ಸಿಲು ತೆಗೆದುಕೊಂಡು ನೀವೇ ಭಾಗಿಸಿ ನೋಡಿ. ಎರಡೂ ಸುಮಾರು 650 ಕಿಲೋಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತವೆ!

ಹಾಗಾದರೆ ಎಂಎಕ್ಸ್-5 ಉಪಯೋಗಕ್ಕೆ ಬಾರದ ಕಾರೇ? ಖಂಡಿತ ಅಲ್ಲ. ಅದರ ಉದ್ದ 3915 ಮಿಲಿಮೀಟರು, ಜಿಟಿ86ರದು 4240. ಇಕ್ಕಟ್ಟಾದ ಬೀದಿಯಲ್ಲಿ ನಿಲ್ಲಿಸಲು ಆ ಒಂದಡಿಯ ವ್ಯತ್ಯಾಸ ದೊಡ್ಡದು. ಚಾವಣಿಯನ್ನು ಕುಳಿತಲ್ಲಿಂದಲೇ ಒಂದು ಕೈಯಲ್ಲಿ ಮಡಚಬಹುದು. ಮಡಚಿದ ಚಾವಣಿ ಡಿಕ್ಕಿಯ ಜಾಗವನ್ನು ಕಬಳಿಸುವುದಿಲ್ಲ. ಭಾರ ಕಡಿಮೆಯಾದ್ದರಿಂದ ಪೆಟ್ರೋಲಿನ ಖರ್ಚೂ ಕಡಿಮೆ. ಒಬ್ಬರೇ ಕಚೇರಿಗೆ ಹೋಗಿಬರುವವರಿಗೆ, ಮನೆಯಲ್ಲಿ ಇನ್ನೊಂದು ಕಾರು ಇರುವವರಿಗೆ, ಇದೇ ಹೆಚ್ಚು ಉಪಯುಕ್ತ. ಅಂಥವರಿಗೆ ಜಿಟಿ86ರ ಹಿಂದಿನ ಸೀಟು ಸುಮ್ಮನೆ ಹೊತ್ತು ತಿರುಗುವ ಭಾರ.

ಈಗ ನಮ್ಮ ದಂಪತಿಗಳಿಗೆ ಉತ್ತರ ಹೇಳಬೇಕು. ಈ ಎರಡರಲ್ಲೇ ಒಂದು ಎಂದಾದರೆ ಜಿಟಿ86. ಅದು ಉತ್ತಮ ಕಾರು ಎಂಬ ಕಾರಣಕ್ಕಲ್ಲ. ಮೂವರು ಒಟ್ಟಿಗೆ, ಸುರಕ್ಷಿತವಾಗಿ ಹೋಗಲು ಸಾಧ್ಯವಿರುವುದು ಅದರಲ್ಲಿ ಮಾತ್ರ ಎಂಬ ಕಾರಣಕ್ಕೆ. ಆದರೆ ಮಗುವಿನ ಜೊತೆ ತಳ್ಳುಗಾಡಿ, ಚೀಲಗಳು, ಆಗಾಗ ಬರುವ ಅಜ್ಜಿ ಇವೆಲ್ಲವೂ ಲೆಕ್ಕದಲ್ಲಿದ್ದರೆ ಪ್ರಾಮಾಣಿಕ ಉತ್ತರ ಮೂರನೆಯದು: ಎರಡೂ ಬೇಡ. ನಾಲ್ಕು ಬಾಗಿಲಿನ ಒಂದು ಸಾಧಾರಣ ಕಾರನ್ನು ಕೊಳ್ಳಲಿ. ಆಸೆ ಕೆಲವು ವರ್ಷ ಕಾಯಬಲ್ಲದು. ಮಗುವಿನ ಸುರಕ್ಷತೆ ಒಂದು ದಿನವೂ ಕಾಯಲಾರದು.

ಮಿತ್ರರೇ, 'ಉಪಯುಕ್ತತೆ' ಎಂಬುದು ಕಾರಿನೊಳಗೆ ಅಡಗಿರುವ ಗುಣವಲ್ಲ. ಅದು ವಸ್ತುವಿಗೂ ಬಳಸುವವರ ಬದುಕಿಗೂ ನಡುವಣ ಹೊಂದಾಣಿಕೆ. ಬದುಕು ಬದಲಾದರೆ ಅದೇ ವಸ್ತುವಿನ ಬೆಲೆಯೂ ಬದಲಾಗುತ್ತದೆ.

ನಾಳೆ ನೀವೂ ಒಂದು ಸೈಕಲ್ಲನ್ನೋ ಸ್ಕೂಟರನ್ನೋ ಕೊಳ್ಳಲು ಹೊರಡುತ್ತೀರಿ. ಅಂಗಡಿಯ ಬಣ್ಣದ ಹಾಳೆಯನ್ನು ಓದುವ ಮೊದಲು, ಒಂದು ಬಿಳಿ ಹಾಳೆಯ ಮೇಲೆ ನಿಮ್ಮ ಒಂದು ವಾರವನ್ನು ಬರೆದುಕೊಳ್ಳಿ. ಎಲ್ಲಿಗೆ ಹೋಗುತ್ತೀರಿ? ಯಾರ ಜೊತೆ? ಏನನ್ನು ಹೊತ್ತು? ಇದಿಲ್ಲದೆ ಆಗುವುದೇ ಇಲ್ಲ ಎಂಬುದರ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಅಂಕಿಗಳನ್ನು ನೋಡಿ. ಆಗ ಆ ಅಂಕಿಗಳು ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ. ನಿಮ್ಮ ಕೆಲಸಕ್ಕೆ ನೆರವಾಗುತ್ತವೆ.